ಊರಿಗೆ ಮರಳಿದವರಿಗೆ ವರ್ಷವಿಡೀ ಕೆಲಸ

(ಗ್ರಾಮೀಣ ಯುವಜನರ ತರಬೇತಿ ಶಿಬಿರವೊಂದರಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣ)



ಈ ಶಿಬಿರಕ್ಕೆಂದು ನೀವು ತುಂಬಿ ಕಳುಹಿಸಿದ ಅರ್ಜಿಗಳನ್ನು ಓದಿದ್ದೇನೆ. ಅವುಗಳಲ್ಲಿ "ಈಗಿನ ಉದ್ಯೋಗ" ಎಂಬ ಒಂದು ಅಂಕಣವಿದೆ. ಬಹಳ ಜನ ಅದನ್ನು ಖಾಲಿ ಬಿಟ್ಟಿದ್ದೀರಿ. ಕೆಲವರು "ವ್ಯವಸಾಯ" ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೀರಿ. ಅದರ ಕೆಳಗೆ "ಹಿಂದಿನ ಅನುಭವ" ಎಂದಿರುವಲ್ಲಿ ಮಾತ್ರ ಜಾಗ ಸಾಲದೆ ಹಾಳೆಯ ಹಿಂಬದಿಗೂ ಹೋಗಿದ್ದೀರಿ. ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್, ಸೆಕ್ಯೂರಿಟಿ, ಹೋಟೆಲು, ಪಾರ್ಸೆಲ್ ಹಂಚುವುದು, ಬಾಡಿಗೆ ಕಾರು ಓಡಿಸುವುದು, ಮತ್ತೆ ಇನ್ನೊಂದು ಕಾರ್ಖಾನೆ. ಎಂಟು ವರ್ಷದಲ್ಲಿ ಏಳು ಕೆಲಸ ಮಾಡಿದವರು ಇಲ್ಲಿದ್ದೀರಿ. ನಡುನಡುವೆ ಏನೂ ಇಲ್ಲದೆ ಮನೆಯಲ್ಲಿ ಕುಳಿತ ತಿಂಗಳುಗಳನ್ನು ಯಾರೂ ಬರೆದಿಲ್ಲ. ಆದರೆ ಇಸವಿಗಳನ್ನು ಕೂಡಿಸಿ ನೋಡಿದರೆ ಅವು ತಾವಾಗಿಯೇ ಕಾಣುತ್ತವೆ.

ಹೈನುಗಾರಿಕೆ ಮತ್ತು ರೇಷ್ಮೆಯ ತಾಂತ್ರಿಕ ವಿಷಯಗಳನ್ನು ಆಯಾ ವಿಭಾಗದ ತಜ್ಞರು ಮುಂದಿನ ದಿನಗಳಲ್ಲಿ ವಿವರವಾಗಿ ತಿಳಿಸುವರು. ಅದಕ್ಕೂ ಮೊದಲು, ಮೇಲಿಂದ ಮೇಲೆ ಕೆಲಸ ಬದಲಾಯಿಸಿ ಊರಿಗೆ ಮರಳಿದವರು ನಿಲುವಾದ ಒಂದು ಕೆಲಸವನ್ನು ಹೇಗೆ ಕಟ್ಟಿಕೊಳ್ಳಬಹುದು ಎಂಬುದನ್ನು ಬೇಸಾಯಶಾಸ್ತ್ರದವನ ಕಣ್ಣಿನಿಂದ ನೋಡಿ ಹೇಳಬೇಕೆಂದು ಈ ಮಾತು. ನಿಮ್ಮಲ್ಲಿ ಕೆಲವರು 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಬಂದು, ಮತ್ತೆ ಹೋಗಿ, ಮತ್ತೆ ಬಂದವರು. ಹಟ್ಟಿಯ ಮುಂದೆ ಸಿಕ್ಕವರೆಲ್ಲ "ಈಗ ಎಲ್ಲಿದ್ದೀಯಪ್ಪಾ?" ಎಂದು ಕೇಳುವುದನ್ನು ತಪ್ಪಿಸಿಕೊಳ್ಳಲು ಹಿತ್ತಲ ದಾರಿಯಲ್ಲಿ ಹೋಗುವವರೂ ಇದ್ದೀರಿ. ಹೆಣ್ಣು ಕೇಳಲು ಹೋದ ಕಡೆ ಮೊದಲ ಪ್ರಶ್ನೆಯೇ ಅದು. "ಉದ್ಯೋಗಂ ಪುರುಷ ಲಕ್ಷಣಂ" ಎಂಬ ಮಾತನ್ನು ನಮ್ಮವರು ಕೆಲಸ ಇಲ್ಲದವನನ್ನು ಚುಚ್ಚುವುದಕ್ಕೇ ಹೆಚ್ಚು ಬಳಸುತ್ತಾರೆ. ಕೆಲಸ ಹುಡುಕಿಕೊಡುವುದಕ್ಕೆ ಬಳಸಿದ್ದನ್ನು ನಾನು ಕಂಡಿಲ್ಲ.

ಕೆಲಸ ಬಿಡುವುದರಲ್ಲಿ ಮೂರು ಬಗೆ

ಅರ್ಜಿಗಳಲ್ಲಿ ಬಿಟ್ಟ ಕಾರಣವನ್ನೂ ಕೇಳಲಾಗಿತ್ತು. ಒಂದು, ಗುತ್ತಿಗೆ ಮುಗಿದು ಅಥವಾ ಕಾರ್ಖಾನೆ ಮುಚ್ಚಿ ತಾನಾಗಿಯೇ ಹೋದ ಕೆಲಸ. ಇದರಲ್ಲಿ ನಿಮ್ಮ ಕೈಯಲ್ಲಿ ಏನೂ ಇರಲಿಲ್ಲ. ಎರಡನೆಯದು, ಪಕ್ಕದ ಶೆಡ್ಡಿನಲ್ಲಿ ಸಾವಿರ ರೂಪಾಯಿ ಹೆಚ್ಚು ಕೊಡುತ್ತಾರೆಂದು ಬಿಟ್ಟದ್ದು. ಮೂರನೆಯದು ಊರಿನ ಕಾರಣ. ರಾಗಿ ಕೊಯ್ಲಿಗೆ ಹದಿನೈದು ದಿನ ರಜೆ ಕೇಳಿದರೆ ಕೊಡಲಿಲ್ಲ, ಅವ್ವನಿಗೆ ಹುಷಾರಿರಲಿಲ್ಲ, ಊರ ಹಬ್ಬಕ್ಕೆ ಬಂದವನು ವಾಪಸು ಹೋಗಲಿಲ್ಲ.

ಈ ಮೂರನೆಯ ಕಾರಣವೇ ಅತಿ ಹೆಚ್ಚು ಅರ್ಜಿಗಳಲ್ಲಿತ್ತು ಎಂಬುದು ನನ್ನ ಗಮನ ಸೆಳೆಯಿತು. ಅಂದರೆ ನಿಮ್ಮಲ್ಲಿ ಬಹುಮಂದಿ ಸೋಮಾರಿತನದಿಂದ ಕೆಲಸ ಬಿಟ್ಟವರಲ್ಲ. ಒಂದು ಕಾಲು ಹೊಲದಲ್ಲಿ, ಇನ್ನೊಂದು ಕಾಲು ಕಾರ್ಖಾನೆಯಲ್ಲಿ ಇಟ್ಟು, ಎರಡು ಕಡೆಯೂ ಪೂರ್ತಿ ನಿಲ್ಲಲಾಗದವರು. ಸಾವಿರ ರೂಪಾಯಿಗಾಗಿ ಬಿಟ್ಟವರಿಗೆ ಮಾತ್ರ ಒಂದು ಮಾತು. ಭತ್ತದ ಪೈರನ್ನು ಒಟ್ಟಲು ಪಾತಿಯಿಂದ ಕಿತ್ತು ಗದ್ದೆಗೆ ನೆಟ್ಟ ಮೇಲೆ ಅದು ಬೇರು ಕಚ್ಚಿ ಹಸಿರಾಗಲು ಒಂದು ವಾರವಾದರೂ ಬೇಕು. ಒಮ್ಮೆ ಕಿತ್ತು ನೆಟ್ಟರೆ ಬೆಳೆ ಬರುತ್ತದೆ. ನೆಟ್ಟದ್ದನ್ನು ಮತ್ತೆ ಮತ್ತೆ ಕಿತ್ತು ನೆಟ್ಟರೆ ತೆಂಡೆ ಒಡೆಯುವ ಕಾಲವೇ ಕಳೆದುಹೋಗುತ್ತದೆ. "ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು" ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಖಾಯಂ ನೌಕರಿಯಲ್ಲಿರುವವನು ನಮಗೆ ಹೀಗೆ ಹೇಳುತ್ತಾನೆ ಎಂದು ನೀವು ಅಂದುಕೊಳ್ಳಬಹುದು. ಎಂ.ಎಸ್ಸಿ. ಮುಗಿಸಿದ ಮೇಲೆ ಆರು ವರ್ಷದಲ್ಲಿ ನಾಲ್ಕು ಕಡೆ ಕೆಲಸ ಮಾಡಿದ್ದೇನೆ. ಯೋಜನೆ ಮುಗಿದಾಗ ಅದರ ಜೊತೆಗೆ ಮುಗಿದ ಸಂಶೋಧನಾ ಸಹಾಯಕನ ಕೆಲಸ, ಒಂದು ಬೀಜದ ಕಂಪನಿಯಲ್ಲಿ ಹಳ್ಳಿ ಹಳ್ಳಿ ಸುತ್ತುವ ಕೆಲಸ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಆದೇಶಕ್ಕೆ ಕಾಯಬೇಕಾದ ತಾತ್ಕಾಲಿಕ ಬೋಧನೆ. ನಡುವೆ ಎಂಟು ತಿಂಗಳು ಏನೂ ಇರಲಿಲ್ಲ. ಆದರೆ ಜಾಗ ಯಾವುದಾದರೂ ವಿಷಯ ಒಂದೇ ಇತ್ತು: ಖುಷ್ಕಿ ಬೆಳೆಗಳು ಮತ್ತು ಅವುಗಳ ಕಳೆ. ಕೊನೆಗೆ ಸಂದರ್ಶನದಲ್ಲಿ ಕೇಳಿದ್ದೂ ಅದನ್ನೇ. ಕೆಲಸ ಬದಲಾಗುವುದು ಎಷ್ಟೋ ವೇಳೆ ನಮ್ಮ ಕೈಯಲ್ಲಿಲ್ಲ. ಕಸುಬನ್ನು ಬದಲಾಯಿಸದಿರುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಮೊದಲು ಕೈಯಲ್ಲಿರುವುದನ್ನು ಎಣಿಸಿ

ಹೊಸದನ್ನು ಆರಂಭಿಸುವ ಮುನ್ನ ಹಳೆಯದರಲ್ಲಿ ಏನು ಉಳಿದಿದೆ ಎಂದು ನೋಡುವುದು ಅವಶ್ಯಕ. ಇದನ್ನು ಯಾರೂ ನಿಮಗೆ ಹೇಳಿರುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿದವರಿಗೆ ಭವಿಷ್ಯ ನಿಧಿ ಹಿಡಿದಿರುತ್ತಾರೆ. 2014ರಿಂದ ಈಚೆಗೆ ಒಬ್ಬ ಕೆಲಸಗಾರನಿಗೆ ಎಷ್ಟೇ ಕಡೆ ಕೆಲಸ ಮಾಡಿದರೂ ಒಂದೇ ಸಂಖ್ಯೆ, ಯುಎಎನ್, ಕೊಡುವ ಪದ್ಧತಿ ಬಂದಿದೆ. ಹಾಗಿದ್ದರೂ ಕಂಪನಿ ಬದಲಾದಾಗಲೆಲ್ಲ ಹೊಸ ಸಂಖ್ಯೆ ಮಾಡಿಸಿಕೊಂಡು ಮೂರು ನಾಲ್ಕು ಕಡೆ ಹಣ ಬಿಟ್ಟು ಬಂದವರಿದ್ದಾರೆ. ಅವನ್ನು ಒಂದಕ್ಕೆ ವರ್ಗಾಯಿಸಿಕೊಳ್ಳಿ.

ಇನ್ನೂ ಮುಖ್ಯವಾದದ್ದು ಪಿಂಚಣಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಒಟ್ಟು ಹತ್ತು ವರ್ಷದ ಸೇವೆ ಆದವರಿಗೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿಯ ಹಕ್ಕಿದೆ. ಈ ಹತ್ತು ವರ್ಷ ಒಂದೇ ಕಂಪನಿಯಲ್ಲಿ ಆಗಿರಬೇಕೆಂದೇನೂ ಇಲ್ಲ. ಬೇರೆ ಬೇರೆ ಕಡೆ ಮಾಡಿದ್ದೂ ಕೂಡುತ್ತದೆ. ಆದರೆ ಕೆಲಸ ಬಿಟ್ಟಾಗ ಪಿಂಚಣಿ ಹಣವನ್ನೂ ಹಿಂತೆಗೆದುಕೊಂಡರೆ ಅಷ್ಟು ವರ್ಷದ ಸೇವೆ ಲೆಕ್ಕದಿಂದ ಹೋಗುತ್ತದೆ. ಹಣ ತೆಗೆಯದೆ ಸೇವೆಯ ಪ್ರಮಾಣ ಪತ್ರ ಪಡೆದಿಟ್ಟುಕೊಂಡರೆ, ಮುಂದೆ ಮತ್ತೆ ಎಲ್ಲಾದರೂ ಸೇರಿದಾಗ ಹಳೆಯ ವರ್ಷಗಳು ಜೊತೆಗೂಡುತ್ತವೆ. ಆರು ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿದು ಬಂದ ಹೆಣ್ಣುಮಕ್ಕಳು ಇಲ್ಲಿದ್ದೀರಿ. ಒಂದು ಮೊಬೈಲಿಗಾಗಿ ಆ ಆರು ವರ್ಷವನ್ನು ಅಳಿಸಿಕೊಳ್ಳಬೇಡಿ.

ಕೈಯಲ್ಲಿ ಉಳಿದಿರುವ ಎರಡನೆಯದು ಕಸುಬು. ವೆಲ್ಡಿಂಗ್ ಮಾಡಿದವನಿದ್ದಾನೆ, ಮೋಟಾರು ವೈಂಡಿಂಗ್ ಬಲ್ಲವನಿದ್ದಾನೆ, ಡ್ರೈವಿಂಗ್ ಲೈಸೆನ್ಸ್ ಇದ್ದವರಂತೂ ಅರ್ಧಕ್ಕರ್ಧ. ಹಳ್ಳಿಯಲ್ಲಿ ಇವಕ್ಕೆಲ್ಲ ಬೆಲೆಯಿದೆ. ಅದನ್ನು ಮುಂದೆ ಹೇಳುತ್ತೇನೆ.

ಹೊಲಕ್ಕೆ ಬಂದರೆ ಕೆಲಸ ಸಿಕ್ಕಿತೆಂದಲ್ಲ

"ಎಲ್ಲೂ ಆಗದಿದ್ದರೆ ಜಮೀನಂತೂ ಇದೆ" ಎಂಬ ಮಾತನ್ನು ಬಹಳ ಜನ ಆಡುತ್ತಾರೆ. ಈ ಜಮೀನು ಎಷ್ಟಿದೆ, ಅದರಲ್ಲಿ ಕೆಲಸ ಎಷ್ಟಿದೆ ಎಂಬುದನ್ನು ನೋಡೋಣ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಹೆಚ್ಚು ಕಡಿಮೆ ಮೂರು ಎಕರೆ ಹದಿನಾಲ್ಕು ಗುಂಟೆ. ಇದು ಸರಾಸರಿ. ನಮ್ಮ ತುಮಕೂರು, ಮಂಡ್ಯ, ರಾಮನಗರ, ಕೋಲಾರದ ಕಡೆಯಿಂದ ಬಂದ ನಿಮ್ಮಲ್ಲಿ ಹೆಚ್ಚಿನವರ ಮನೆಗಳಲ್ಲಿ ಇರುವುದು ಇನ್ನೂ ಕಡಿಮೆ.

ಎರಡು ಎಕರೆ ಖುಷ್ಕಿ ರಾಗಿಯನ್ನೇ ತೆಗೆದುಕೊಳ್ಳಿ. ಮುಂಗಾರಿಗೆ ಮುಂಚೆ ಉಳುಮೆ. ಜುಲೈಯಲ್ಲಿ ಹದ ನೋಡಿ ಬಿತ್ತನೆ. ಮೂರು ನಾಲ್ಕು ವಾರಕ್ಕೆ ಎಡೆಕುಂಟೆ, ಕೈಕಳೆ. ಆಮೇಲೆ ಮಳೆಯತ್ತ ನೋಡುವುದು. ನವೆಂಬರ್, ಡಿಸೆಂಬರಿನಲ್ಲಿ ಕೊಯ್ಲು, ಮೆದೆ, ಒಕ್ಕಣೆ. ಉಳುಮೆಗೆ ಟ್ರ್ಯಾಕ್ಟರು, ಒಕ್ಕಣೆಗೆ ಯಂತ್ರ ಬಂದ ಮೇಲೆ ಇದೆಲ್ಲವನ್ನೂ ಕೂಡಿಸಿದರೂ ಒಬ್ಬ ಆಳಿಗೆ ವರ್ಷದಲ್ಲಿ ಮೂರು ತಿಂಗಳಿಗಿಂತ ಹೆಚ್ಚಿನ ಕೆಲಸ ಬೀಳದು. ಆ ಮೂರು ತಿಂಗಳ ಕೆಲಸಕ್ಕೆ ನಿಮ್ಮ ತಂದೆ ತಾಯಿ ಆಗಲೇ ಇದ್ದಾರೆ. ಹೀಗಿರುವಲ್ಲಿ ಮಗ ಊರಿಗೆ ಬಂದು ಅದೇ ರಾಗಿ ಹೊಲಕ್ಕೆ ಇಳಿದರೆ ಮನೆಯಲ್ಲಿ ಉಣ್ಣುವ ಬಾಯಿ ಒಂದು ಹೆಚ್ಚಾಯಿತೇ ವಿನಾ ಹೊಲದಲ್ಲಿ ಕೆಲಸ ಹೆಚ್ಚಾಗಲಿಲ್ಲ. ಎರಡು ವರ್ಷ ನೋಡಿ ಅವನು ಮತ್ತೆ ಬಸ್ಸು ಹತ್ತುತ್ತಾನೆ. ಜಮೀನು ಕೈಬಿಟ್ಟಿತು ಎಂದು ಊರವರು ಹೇಳುತ್ತಾರೆ. ಅಷ್ಟು ಜಮೀನಿನಲ್ಲಿ ಅವನಿಗೆ ಕೆಲಸವೇ ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲ.

ಆದುದರಿಂದ ನಾನು ಒಂದು ಅಳತೆಗೋಲನ್ನು ಸೂಚಿಸುತ್ತೇನೆ. ಯಾವುದೇ ಕಸುಬನ್ನು ಆರಿಸುವ ಮುನ್ನ ಎಕರೆಗೆ ಎಷ್ಟು ಲಾಭ ಎಂದು ಕೇಳುವುದರ ಜೊತೆಗೆ, ಅದು ವರ್ಷದಲ್ಲಿ ಎಷ್ಟು ದಿನ ನನ್ನನ್ನು ಕೆಲಸಕ್ಕೆ ಕರೆಯುತ್ತದೆ, ಎಷ್ಟು ದಿನಕ್ಕೊಮ್ಮೆ ಕೈಗೆ ಹಣ ಬರುತ್ತದೆ ಎಂಬ ಎರಡು ಪ್ರಶ್ನೆ ಕೇಳಿ. ತಿಂಗಳ ಸಂಬಳಕ್ಕೆ ಒಗ್ಗಿದವರಿಗೆ ವರ್ಷಕ್ಕೊಮ್ಮೆ ಬರುವ ಹಣ ಎಷ್ಟೇ ಇದ್ದರೂ ಆತಂಕವೇ. ಆ ಆತಂಕದಲ್ಲೇ ಸಾಲ, ಸಾಲದಿಂದ ಮತ್ತೆ ಪಟ್ಟಣ.

ಎರಡು ಹಸುವಿನ ಲೆಕ್ಕ

ಹಾಲಿನ ದರ, ಹಿಂಡಿಯ ದರ ಆಗಾಗ ಬದಲಾಗುತ್ತವೆ. ಆದ್ದರಿಂದ ರೂಪಾಯಿಯ ಲೆಕ್ಕ ಬಿಟ್ಟು ದಿನಗಳ ಲೆಕ್ಕವನ್ನೇ ಹೇಳುತ್ತೇನೆ. ಒಂದು ಮಿಶ್ರತಳಿ ಹಸು ಈದ ಮೇಲೆ ಸುಮಾರು ಹತ್ತು ತಿಂಗಳು ಹಾಲು ಕೊಡುತ್ತದೆ. ಮುಂದಿನ ಕರುವಿಗೆ ಮುಂಚೆ ಎರಡು ತಿಂಗಳು ಹಾಲು ಬತ್ತಿಸಬೇಕು. ಅಂದರೆ ಒಂದೇ ಹಸು ಇಟ್ಟವನು ವರ್ಷದಲ್ಲಿ ಎರಡು ತಿಂಗಳು ನಿರುದ್ಯೋಗಿ. ಮೇವು ಹಾಕುವ ಕೆಲಸ ಮಾತ್ರ ತಪ್ಪುವುದಿಲ್ಲ. ಎರಡು ಹಸು ಇದ್ದು, ಅವು ಒಂದಕ್ಕೊಂದು ಆರು ತಿಂಗಳ ಅಂತರದಲ್ಲಿ ಈಯುವಂತೆ ನೋಡಿಕೊಂಡರೆ ಯಾವ ದಿನವೂ ಡೇರಿಗೆ ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಇದು ಹಸು ಕೊಳ್ಳುವಾಗಲೇ ಯೋಚಿಸಬೇಕಾದ ವಿಷಯ. ಸಂತೆಯಲ್ಲಿ ಎರಡೂ ಹಸುವನ್ನು ಒಂದೇ ದಿನ, ಎರಡೂ ಹೊಸದಾಗಿ ಈದದ್ದು ನೋಡಿ ತರುವುದು ಸಾಮಾನ್ಯ ರೂಢಿ. ಹಾಗೆ ಮಾಡಿದರೆ ಎರಡೂ ಒಟ್ಟಿಗೇ ಬತ್ತುತ್ತವೆ. ಸಾಲದ ಕಂತು ಮಾತ್ರ ಬತ್ತುವುದಿಲ್ಲ.

ಈ ಸರದಿ ಉಳಿಯಬೇಕಾದರೆ ಹಸು ಈದ ಮೂರು ತಿಂಗಳೊಳಗೆ ಮತ್ತೆ ಗಬ್ಬವಾಗಬೇಕು. ಗಬ್ಬದ ಅವಧಿ ಸುಮಾರು 280 ದಿನ. ಬೆದೆ ಬರುವುದು 21 ದಿನಕ್ಕೊಮ್ಮೆ. ಒಂದು ಬೆದೆ ಗಮನಿಸದೆ ಹೋದರೆ 21 ದಿನ ಹೋಯಿತು. ನಾಲ್ಕು ಬೆದೆ ತಪ್ಪಿದರೆ ಸುಮಾರು ಮೂರು ತಿಂಗಳ ಮೇವು ದಂಡ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ಸೂಕ್ತ. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಇದು ಹೊಸದೇನಲ್ಲ. ಬೆಳಗಿನ ಜಾವ ಮತ್ತು ರಾತ್ರಿ ಮಲಗುವ ಮುನ್ನ ಕೊಟ್ಟಿಗೆಗೆ ಒಂದು ಸುತ್ತು ಬಂದರೆ ಸಾಕು. ಬೆದೆ ಕಂಡ ದಿನ, ಸೂಜಿ ಕೊಡಿಸಿದ ದಿನ, ಈದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಬೇರೆ ಪುಸ್ತಕ ಬೇಡ, ಅದು ಕಳೆದುಹೋಗುತ್ತದೆ.

ಮೇವಿನ ವಿಷಯ ನನ್ನ ವಿಭಾಗಕ್ಕೆ ಸೇರಿದ್ದು. ಒಂದು ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿರು ಮೇವು, 5ರಿಂದ 6 ಕಿಲೋ ಒಣ ಮೇವು ಬೇಕು. ನೀರಿನ ಅನುಕೂಲವಿರುವ ಹತ್ತು ಗುಂಟೆಯಲ್ಲಿ ಕೋ-4 ನೇಪಿಯರ್ ಹುಲ್ಲು ನೆಟ್ಟರೆ ಎರಡು ಹಸುವಿಗೆ ಸಾಕಾಗುತ್ತದೆ. ಮೊದಲ ಕಟಾವು ಸುಮಾರು 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಹತ್ತು ಗುಂಟೆಯನ್ನೂ ಒಂದೇ ದಿನ ಕೊಯ್ಯಬಾರದು. ದಿನಕ್ಕೆ ಬೇಕಾದಷ್ಟೇ ಸಾಲು ಹಿಡಿದು ಕೊಯ್ಯುತ್ತ ಹೋದರೆ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಮೊದಲ ಸಾಲು ಮತ್ತೆ ಬೆಳೆದಿರುತ್ತದೆ. ಬದುವಿನ ಮೇಲೆ ಅಗಸೆ, ನುಗ್ಗೆ ಇರಲಿ, ಜೊತೆಗೆ ಅಲಸಂದೆ ಅಥವಾ ಕುದುರೆ ಮೆಂತೆ ಇರಲಿ. ಬರೀ ನೇಪಿಯರ್ ಹಾಕಿ ಹಾಲು ಬರಲಿಲ್ಲ ಎಂದು ಹಸುವನ್ನು ಬೈಯುವುದು ನ್ಯಾಯವಲ್ಲ. ಇನ್ನು ಒಣ ಮೇವು. ಎರಡು ಹಸುವಿಗೆ ವರ್ಷಕ್ಕೆ ಸುಮಾರು ನಾಲ್ಕು ಟನ್ ರಾಗಿ ಹುಲ್ಲು ಬೇಕು. ಚೆನ್ನಾಗಿ ಬೆಳೆದ ಎರಡು ಎಕರೆ ರಾಗಿ ಇದರ ಬಹುಪಾಲನ್ನು ಕೊಡಬಲ್ಲದು. ಮೂರು ತಿಂಗಳ ಕೆಲಸದ ರಾಗಿ ಹೊಲ ಹೀಗೆ ವರ್ಷವಿಡೀ ಕೆಲಸಕ್ಕೆ ಸೇರಿಕೊಳ್ಳುತ್ತದೆ. ತಂದೆಯ ಬೇಸಾಯವನ್ನು ಹಳೆಯದೆಂದು ತಳ್ಳಿಹಾಕಿದ ಮಗನೇ ಅವರಿಂದ ಹುಲ್ಲು ಕೇಳಬೇಕಾಗುತ್ತದೆ.

ಎರಡು ಹಸುವಿಗೆ ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ. 365 ದಿನವೂ ಇದೆ. ಸಹಕಾರ ಸಂಘದಿಂದ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ. ನಿಲುವಾದ ಕೆಲಸ ಎಂದರೆ ಇದು. ಆದರೆ ರಜೆ ಇಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಹಬ್ಬಕ್ಕೆ ರಜೆ ಕೊಡಲಿಲ್ಲವೆಂದು ಕಾರ್ಖಾನೆ ಬಿಟ್ಟವರು ಹಸುವನ್ನು ರಜೆ ಕೇಳಲಾಗದು. ಮನೆಯಲ್ಲಿ ಹಾಲು ಕರೆಯಬಲ್ಲವರು ಇನ್ನೊಬ್ಬರಿಲ್ಲದೆ ಇದಕ್ಕೆ ಕೈಹಾಕಬೇಡಿ.

ಹಿಪ್ಪುನೇರಳೆ ತೋಟವನ್ನು ಎರಡು ಮಾಡಿ

ಒಂದು ಎಕರೆಗೆ ಹನಿ ನೀರಾವರಿ ಮಾಡುವಷ್ಟು ನೀರಿದ್ದರೆ ರೇಷ್ಮೆ ಇನ್ನೊಂದು ಒಳ್ಳೆಯ ದಾರಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕೊಟ್ಟ ವಿ-1 ತಳಿ ನಿಮ್ಮ ಕಡೆಯ ತೋಟಗಳಲ್ಲಿ ಈಗಾಗಲೇ ಇದೆ. ಒಮ್ಮೆ ಕಟಾವಾದ ತೋಟ ಮತ್ತೆ ಸೊಪ್ಪಿಗೆ ಬರಲು 65ರಿಂದ 70 ದಿನ ಬೇಕು. ಅಂದರೆ ವರ್ಷಕ್ಕೆ ಐದು ಬೆಳೆ. ಇಡೀ ಎಕರೆಯನ್ನು ಒಟ್ಟಿಗೆ ಕತ್ತರಿಸಿದರೆ 25 ದಿನ ಮನೆಮಂದಿಗೆಲ್ಲ ಉಸಿರಾಡಲು ಬಿಡುವಿಲ್ಲ, ಆಮೇಲೆ 40 ದಿನ ಕೆಲಸವಿಲ್ಲ. ಅದರ ಬದಲು ತೋಟವನ್ನು 20 ಗುಂಟೆಯ ಎರಡು ತಾಕು ಮಾಡಿ, ಒಂದನ್ನು ಕತ್ತರಿಸಿದ 35 ದಿನಕ್ಕೆ ಇನ್ನೊಂದನ್ನು ಕತ್ತರಿಸಿ. ವರ್ಷಕ್ಕೆ ಹತ್ತು ಬೆಳೆ ಆಯಿತು. ಪ್ರತಿ ಬೆಳೆಗೆ 100ರಿಂದ 150 ಮೊಟ್ಟೆ ಸಾಕು.

ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳು ತಂದ ದಿನದಿಂದ ಹಣ್ಣಾಗಲು ಸುಮಾರು 18ರಿಂದ 20 ದಿನ, ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಬಿಡಿಸಲು ಐದಾರು ದಿನ. ಉಳಿದ ಹತ್ತು ದಿನ ಮನೆ ತೊಳೆದು, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಸೋಂಕು ಕಳೆಯಲು ಮತ್ತು ತೋಟಕ್ಕೆ ಗೊಬ್ಬರ ಕೊಡಲು. 35 ದಿನಕ್ಕೊಮ್ಮೆ ಮಾರುಕಟ್ಟೆ. ಸಂಬಳದ ದಿನಕ್ಕಿಂತ ಐದು ದಿನ ತಡ, ಅಷ್ಟೇ.

ಇದರಲ್ಲಿ ನಾಲ್ಕನೇ ಜ್ವರ ಎದ್ದ ಮೇಲಿನ ಏಳು ದಿನವೇ ಪರೀಕ್ಷೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚನ್ನು ಆ ವಾರದಲ್ಲೇ ತಿನ್ನುತ್ತದೆ. ಮೊದಲು ಎಲೆ ಎಲೆ ಬಿಡಿಸಿ ತಟ್ಟೆಗೆ ಹಾಕುವಾಗ ಆ ವಾರ ಆಳು ಸಿಗದೆ ಎಷ್ಟೋ ಜನ ಸೋತರು. ಈಗ ರೆಂಬೆ ಪದ್ಧತಿ ಬಂದು ಆ ಭಾರ ಬಹಳ ಕಡಿಮೆಯಾಗಿದೆ. ಸೊಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪಕ್ಕದ ಹೊಲದವರು ಟೊಮೇಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಿಮ್ಮ ಸೊಪ್ಪಿಗೆ ಕೂತರೆ ಹುಳು ಉಳಿಯದು. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಹಿಪ್ಪುನೇರಳೆ ಬೇಡವೇ ಬೇಡ. ನೆರೆಯವನ ಜೊತೆ ಜಗಳವಿದ್ದವನು ರೇಷ್ಮೆ ಮಾಡುವ ಮುಂಚೆ ರಾಜಿ ಮಾಡಿಕೊಳ್ಳುವುದು ಒಳ್ಳೆಯದು.

ನೆಟ್ಟ ಮೊದಲ ಆರು ತಿಂಗಳು ತೋಟದಿಂದ ಹಣವಿಲ್ಲ. ಹುಳು ಮನೆ ಬೇರೆ ಕಟ್ಟಬೇಕು. ಊಜಿ ನೊಣಕ್ಕೆ ಬಲೆ ಬೇಕು. ಇದು ನಮ್ಮ ರಾಜ್ಯದಲ್ಲಿ ಕಾಣಿಸಿಕೊಂಡದ್ದು 1980ರಲ್ಲಿ, ಇನ್ನೂ ಹೋಗಿಲ್ಲ. ಕೆಲಸ ನಿಲುವಾಗಿದ್ದರೂ ದರ ನಿಲುವಾಗಿರುವುದಿಲ್ಲ ಎಂಬುದನ್ನು ಮರೆಯಬಾರದು. 2011ರಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ದರ ಬಿದ್ದು, ತೋಟ ಕಿತ್ತವರು ಅನೇಕರು. ಕೀಳದೆ ಉಳಿಸಿಕೊಂಡವರಲ್ಲಿ ನಾನು ಕಂಡವರೆಲ್ಲರ ಮನೆಯಲ್ಲೂ ಒಂದೋ ಎರಡೋ ಹಸು ಇದ್ದವು. ಹುಳು ತಿಂದುಳಿದ ಸೊಪ್ಪು ಹಸುವಿಗೆ, ಹಸುವಿನ ಗೊಬ್ಬರ ತೋಟಕ್ಕೆ. ಇದು ಹೊಸ ವಿಜ್ಞಾನವಲ್ಲ, ನಿಮ್ಮ ಅಜ್ಜಿಯರು ಬಲ್ಲ ವಿಷಯ.

ಜಮೀನು ಇಲ್ಲದವರು

ಜಮೀನಿಲ್ಲದವರಿಗೆ, ಅಥವಾ ಅಣ್ಣತಮ್ಮಂದಿರ ನಡುವೆ ಅರ್ಧ ಎಕರೆ ಪಾಲಿಗೆ ಬಂದವರಿಗೆ ಕಸುಬೇ ಜಮೀನು. ತೆಂಗಿನ ಮರ ಹತ್ತುವುದನ್ನು ನೋಡಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಕೇರಳದಲ್ಲಿ ಆರಂಭಿಸಿದ ತರಬೇತಿ ಈಗ ನಮ್ಮಲ್ಲೂ ಇದೆ. ಆರು ದಿನದಲ್ಲಿ ಯಂತ್ರ ಹಾಕಿಕೊಂಡು ಮರ ಹತ್ತುವುದನ್ನು ಕಲಿಸುತ್ತಾರೆ. ಎಳನೀರು, ಕಾಯಿ ತೋಟಗಳಲ್ಲಿ 45 ದಿನಕ್ಕೊಮ್ಮೆ ಕೊಯ್ಲು ಎಂದುಕೊಳ್ಳಿ. ದಿನಕ್ಕೆ 40 ಮರ ಹತ್ತುವವನಿಗೆ 1000 ಮರಕ್ಕೆ 25 ದಿನ. ಉಳಿದ 20 ದಿನದಲ್ಲಿ ಸುಳಿ ಶುಚಿ ಮಾಡುವುದು, ದುಂಬಿ ತೆಗೆಯುವುದು, ಕೆಂಪು ಮೂತಿ ಹುಳು ಬಿದ್ದ ಮರಕ್ಕೆ ಔಷಧಿ ಕೊಡುವುದು. ಹತ್ತಾರು ತೋಟದವರ ಜೊತೆ ಮಾತಾಡಿಕೊಂಡು 1000 ಮರ ಒಪ್ಪಿಸಿಕೊಂಡರೆ ಅದು ಒಂದು ನೌಕರಿಯೇ. ತಿಪಟೂರಿನ ಕಡೆ ಕೊಬ್ಬರಿಗೆ ಬಿಡುವ ತೋಟಗಳಲ್ಲಿ ಈ ಲೆಕ್ಕ ಬೇರೆ, ಅಲ್ಲಿ ಅಷ್ಟು ಸಲ ಹತ್ತಿಸುವುದಿಲ್ಲ.

ಮೋಟಾರು ವೈಂಡಿಂಗ್ ಬಲ್ಲವರು ಹನಿ ನೀರಾವರಿ ಜೋಡಣೆಯನ್ನೂ ಕಲಿತರೆ ಒಂದು ಹೋಬಳಿಗೆ ಒಬ್ಬರು ಸಾಲದು. ಬೇಸಿಗೆಯಲ್ಲಿ ಪಂಪು ಸುಟ್ಟುಕೊಂಡು ಬೈಕಿನ ಹಿಂದೆ ಕಟ್ಟಿ ತಾಲ್ಲೂಕು ಕೇಂದ್ರಕ್ಕೆ ಓಡುವವರನ್ನು ನೀವೇ ನೋಡಿದ್ದೀರಿ. ಹೊಲಿಗೆ ಬಲ್ಲ ಹೆಣ್ಣುಮಕ್ಕಳು ಊರಿನಲ್ಲಿ ಬಟ್ಟೆ ಹೊಲಿದೇ ಬದುಕಬೇಕೆಂದಿಲ್ಲ. ಚಾಕಿ ಸಾಕಾಣಿಕೆ, ಸಸಿ ಕಸಿ ಕಟ್ಟುವುದು ಇವೆಲ್ಲ ಅದೇ ಬೆರಳಿನ ಚುರುಕನ್ನು ಬೇಡುವ ಕೆಲಸ.

ಇಂಥವನ್ನು ಕಲಿಯಲು ಹಣ ಕೊಡಬೇಕಾಗಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆ, ಆಗಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಸಂಸ್ಥೆಯನ್ನು ಕಟ್ಟಿದವು. ನಿರುದ್ಯೋಗಿ ಯುವಕರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಟ್ಟು, ಆಮೇಲೂ ಅವರ ಬೆನ್ನಿಗೆ ನಿಂತು ವಿಚಾರಿಸುವ ಪದ್ಧತಿ ಅದು. ಅದೇ ಮಾದರಿಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳು ಜಿಲ್ಲೆ ಜಿಲ್ಲೆಗಳಲ್ಲಿ ನಡೆಸುತ್ತಿವೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೂ ವಿಳಾಸ ಸಿಗುತ್ತದೆ. ಪ್ರಮಾಣ ಪತ್ರಕ್ಕೆಂದು ನಾಲ್ಕು ಬೇರೆ ಬೇರೆ ತರಬೇತಿಗೆ ಹೋಗುವವರೂ ಇದ್ದಾರೆ. ಅದೂ ಕೆಲಸ ಬದಲಾಯಿಸುವ ಚಾಳಿಯ ಇನ್ನೊಂದು ರೂಪ.

ಹಾಲಿನ ಪುಸ್ತಕ ಯಾರ ಹೆಸರಿನಲ್ಲಿ?

ಇನ್ನು ಒಂದು ಸೂಕ್ಷ್ಮದ ವಿಷಯ. ಮುಂದಿನ ಸಾಲಿನಲ್ಲಿ ಹಿರಿಯರು ಕುಳಿತಿದ್ದಾರೆ, ಅವರು ಮನ್ನಿಸಬೇಕು. ಪಟ್ಟಣದಿಂದ ಬಂದ ಮಗ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಗಣಿ ಬಾಚುತ್ತಾನೆ, ಹುಲ್ಲು ತರುತ್ತಾನೆ, ಹಾಲು ಹಾಕಿ ಬರುತ್ತಾನೆ. ಸಂಘದ ಪುಸ್ತಕ ಅಪ್ಪನ ಹೆಸರಿನಲ್ಲಿದೆ, ಬಟವಾಡೆ ಅಪ್ಪನ ಖಾತೆಗೆ. ಮಗ ತಲೆಕೂದಲು ಕತ್ತರಿಸಿಕೊಳ್ಳಲೂ ಕೈ ಚಾಚಬೇಕು. ಪಟ್ಟಣದಲ್ಲಿ ಹದಿನಾಲ್ಕು ಸಾವಿರವೋ ಹದಿನೈದು ಸಾವಿರವೋ ತನ್ನ ಕೈಗೆ ಬರುತ್ತಿತ್ತು. ಒಂದು ವರ್ಷ ತಡೆದುಕೊಳ್ಳುತ್ತಾನೆ, ಆಮೇಲೆ ಹೊರಡುತ್ತಾನೆ. ಸೊಸೆಯ ಕಥೆ ಇನ್ನೂ ಒಂದು ಪಟ್ಟು ಹೆಚ್ಚು. ಹಾಲು ಕರೆಯುವುದು ಅವಳು, ಲೆಕ್ಕ ಇನ್ನೊಬ್ಬರದು.

ನಾನು ನೋಡಿರುವಂತೆ ಊರಿಗೆ ಬಂದ ಯುವಕರು ಮತ್ತೆ ಹೊರಡುವುದಕ್ಕೆ ಹಸುವಿನ ರೋಗಕ್ಕಿಂತ, ಗೂಡಿನ ದರಕ್ಕಿಂತ ಇದೇ ದೊಡ್ಡ ಕಾರಣ. ಆದ್ದರಿಂದ ಒಂದು ಹಸುವಾದರೂ, ಒಂದು ತಾಕು ಹಿಪ್ಪುನೇರಳೆಯಾದರೂ ಮಗನದು, ಮಗಳದು ಎಂದು ಬಿಟ್ಟುಕೊಡಿ. ಸಂಘದಲ್ಲಿ ಅವರ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿ. ಮನೆಯ ಖರ್ಚಿಗೆ ಅವರೂ ಕೊಡಲಿ, ಆದರೆ ತಮ್ಮ ಕೈಯಿಂದ ಎಣಿಸಿ ಕೊಡಲಿ. ಹಿರಿಯರೇ, ಪಾಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಸಂಬಳ ಕೊಡಿ ಎಂದು ಹೇಳುತ್ತಿದ್ದೇನೆ.

ಸಾಲದ ಮೊದಲು ಒಂದು ಬೆಳೆ

ತರಬೇತಿ ಮುಗಿದ ವಾರವೇ ಬ್ಯಾಂಕಿಗೆ ಹೋಗುವವರಿದ್ದಾರೆ. ಹತ್ತು ಹಸುವಿನ ಶೆಡ್ಡು ಕಟ್ಟಿ ಎರಡು ವರ್ಷದಲ್ಲಿ ಖಾಲಿ ಮಾಡಿದ ಶೆಡ್ಡುಗಳನ್ನು ನಮ್ಮ ತಾಲ್ಲೂಕುಗಳ ದಾರಿ ಬದಿಯಲ್ಲೇ ನೋಡಬಹುದು. ರೇಷ್ಮೆ ಮಾಡಬೇಕೆನ್ನುವವರು ಮೊದಲು ಬೇರೊಬ್ಬರ ಹುಳು ಮನೆಯಲ್ಲಿ ಒಂದು ಇಡೀ ಬೆಳೆ, ಚಾಕಿಯಿಂದ ಮಾರುಕಟ್ಟೆಯವರೆಗೆ, ಕೂಲಿಗೆ ದುಡಿಯಿರಿ. ಹಾಲುತೊಂಡೆ ರೋಗ ಬಂದ ಬೆಳೆಯಾದರೆ ಇನ್ನೂ ಒಳ್ಳೆಯದು, ಬೇರೆಯವರ ಖರ್ಚಿನಲ್ಲಿ ಕಲಿತಂತಾಯಿತು. ಹಸು ಸಾಕಬೇಕೆನ್ನುವವರು ಒಂದರಿಂದ ಆರಂಭಿಸಿ, ಹುಲ್ಲು ಬೆಳೆದು ನಿಂತ ಮೇಲೆ ಆರು ತಿಂಗಳಿಗೆ ಎರಡನೆಯದನ್ನು ತನ್ನಿ. ಹಸು ಬರುವ ಮುಂಚೆ ಹುಲ್ಲು ಬರಬೇಕು. ಇದರ ತಿರುಗುಮುರುಗು ಮಾಡಿದವರು ಮೊದಲ ಮೂರು ತಿಂಗಳ ಹಾಲಿನ ಹಣವನ್ನೆಲ್ಲ ಮೇವಿಗೇ ಕೊಡುತ್ತಾರೆ.

ಪಟ್ಟಣದಲ್ಲಿ ಒಳ್ಳೆಯ ಕೆಲಸ ಕೈಯಲ್ಲಿದ್ದು, ಕಸುಬು ಬೆಳೆಯುತ್ತಿದ್ದು, ಭವಿಷ್ಯ ನಿಧಿ ಸರಿಯಾಗಿ ಕಟ್ಟುತ್ತಿದ್ದರೆ ಅದನ್ನು ಬಿಟ್ಟು ಬನ್ನಿ ಎಂದು ನಾನು ಯಾರಿಗೂ ಹೇಳಲಾರೆ. ಇಲ್ಲಿರುವ ಇಬ್ಬರು ವೆಲ್ಡಿಂಗ್ ಕೆಲಸಗಾರರಿಗೆ ಹಳೆಯ ಕಾರ್ಖಾನೆಯಿಂದ ಮತ್ತೆ ಕರೆ ಬಂದಿದೆಯೆಂದು ಕೇಳಿದೆ. ಹೋಗುವುದಾದರೆ ಒಂದೇ ಕಡೆ ನಿಲ್ಲುವ ಮನಸ್ಸು ಮಾಡಿ ಹೋಗಿ. ಕೊಯ್ಲಿಗೆ ರಜೆಯ ಮಾತನ್ನು ಸೇರುವ ದಿನವೇ ಆಡಿಕೊಳ್ಳಿ, ನವೆಂಬರಿನಲ್ಲಿ ಅಲ್ಲ.

ಈಗ ನಿಮ್ಮೆಲ್ಲರಿಗೂ ಒಂದೊಂದು ಹಾಳೆ ಹಂಚುತ್ತಾರೆ. ಅದರಲ್ಲಿ ಯುಗಾದಿಯಿಂದ ಯುಗಾದಿಗೆ ಹನ್ನೆರಡು ಮನೆಗಳಿವೆ. ಪ್ರತಿ ತಿಂಗಳ ಮನೆಯಲ್ಲಿ, ನಿಮ್ಮ ಈಗಿನ ಜಮೀನಿನಲ್ಲಿ ಎಷ್ಟು ದಿನ ಕೆಲಸವಿದೆ ಎಂದು ಮೇಲೆಯೂ, ಎಷ್ಟು ಸಲ ಹಣ ಬರುತ್ತದೆ ಎಂದು ಕೆಳಗೂ ಬರೆಯಿರಿ. ಖಾಲಿ ಉಳಿದ ತಿಂಗಳುಗಳನ್ನು ಖಾಲಿಯಾಗಿಯೇ ಬಿಡಿ. ನಾಳೆ ಬೆಳಿಗ್ಗೆ ಏಳಕ್ಕೆ ನೇಪಿಯರ್ ತಾಕಿನ ಬಳಿ ಸೇರೋಣ. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬನ್ನಿ, ಕುಡುಗೋಲು ಅಲ್ಲಿಯೇ ಕೊಡುತ್ತೇವೆ.